ಸಕ್ಕರೆ ಸಾಹೇಬರು ಬರುತ್ತಿದ್ದಾರೆ, ದಾರಿ ಬಿಡಿ!

ನಮ್ಮ ರಾಯರು ಉದ್ದಿನ ವಡೆ ತಿನ್ನುವುದನ್ನು ನೀವು ನೋಡಬೇಕು. ಮೊದಲು ಅದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಅದುಮುತ್ತಾರೆ. ಇನ್ನೊಂದು ಪೇಪರ್ ಎಳೆದು ಮತ್ತೆ ಅದುಮುತ್ತಾರೆ. "ಜಿಡ್ಡು ಕಣ್ರೀ, ಹಾರ್ಟಿಗೆ ಒಳ್ಳೇದಲ್ಲ." ಹಿಂಡಿದ ವಡೆ ಗಂಟಲಲ್ಲಿ ಇಳಿಯಬೇಕಲ್ಲ, ಅದಕ್ಕೆ ಮೂಸಂಬಿ ಜ್ಯೂಸು. "ಸಕ್ಕರೆ ಸ್ವಲ್ಪ ಮುಂದಾಗಿರಲಿ ಮಗಾ. ಇದರಲ್ಲಿ ಒಂದು ತೊಟ್ಟು ಕೊಬ್ಬಿಲ್ಲ."

ನಿಜ, ಲೋಟದಲ್ಲಿ ಇಲ್ಲ. ಅದು ತಯಾರಾಗುವುದು ರಾಯರ ಲಿವರಿನಲ್ಲಿ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸು, ಅರ್ಧ ಫ್ರಕ್ಟೋಸು. ಗ್ಲೂಕೋಸು ರಕ್ತಕ್ಕೆ ಬಂತು ಅಂದರೆ ಬೆಂಗಳೂರಿನಲ್ಲಿ ಮಂತ್ರಿಗಳ ಕಾರು ಬಂದ ಹಾಗೆ. ಇನ್ಸುಲಿನ್ ಎಂಬ ಟ್ರಾಫಿಕ್ ಪೊಲೀಸ್ ಸೀಟಿ ಊದಿ ಕೊಬ್ಬನ್ನೆಲ್ಲ ಪಕ್ಕಕ್ಕೆ ನಿಲ್ಲಿಸುತ್ತಾನೆ. ಮೊದಲು ಉರಿಯುವುದು ಸಕ್ಕರೆ. ವಡೆಯ ಎಣ್ಣೆ ಸೊಂಟದ ಸುತ್ತ ಪಾರ್ಕಿಂಗ್ ಹುಡುಕಬೇಕು. ಅಲ್ಲಿ ಮೊದಲೇ ನಿಂತಿರುವ ಹಳೇ ಕೊಬ್ಬೂ ಹೊರಗೆ ಬರುವಂತಿಲ್ಲ. ಫ್ರಕ್ಟೋಸು ಮಾತ್ರ ಹೆಚ್ಚಾಗಿ ಲಿವರಿಗೇ ಹೋಗುತ್ತದೆ. ಅತಿಯಾದರೆ ಅಲ್ಲಿ ಅದು ಕೊಬ್ಬಾಗಿ, ಟ್ರೈಗ್ಲಿಸರೈಡ್ ಎಂಬ ಹೆಸರಿನಲ್ಲಿ ರಕ್ತಕ್ಕೆ ಇಳಿಯುತ್ತದೆ. ಎಫ್‌ಐಆರ್ ಮಾತ್ರ ವಡೆಯ ಮೇಲೆ!

ಈ ಕೇಸು ಹಳೆಯದು. 1967ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಹೃದ್ರೋಗಕ್ಕೆ ಸಕ್ಕರೆಗಿಂತ ಕೊಬ್ಬಿನ ಕಡೆಗೇ ಬೆರಳು ತೋರಿಸಿ ಬರೆದರು. ಅದಕ್ಕೆ ಅಮೆರಿಕದ ಸಕ್ಕರೆ ಉದ್ಯಮ 6,500 ಡಾಲರ್ ಕೊಟ್ಟಿತ್ತು. ಈ ಗುಟ್ಟು ರಟ್ಟಾಗಿದ್ದು 2016ರಲ್ಲಿ. ಆಗಿನ ಕಾಲಕ್ಕೂ ಅಗ್ಗದ ವ್ಯಾಪಾರ ಅಲ್ವಾ?

ಹಾಗಂತ ಎಣ್ಣೆಯವರು ಸಾಚಾಗಳೇನಲ್ಲ. ಕಡಲೆಕಾಯಿ ಎಣ್ಣೆ ಪ್ಯಾಕೆಟ್ಟಿನ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಎಂದು ದಪ್ಪಕ್ಷರ. ಕಡಲೆಕಾಯಿಯಲ್ಲಿ ಅದು ಯಾವತ್ತು ಇತ್ತು ಸ್ವಾಮಿ? ಸೌತೆಕಾಯಿಗೆ "ಮೂಳೆ ಇಲ್ಲ" ಅಂತ ಚೀಟಿ ಅಂಟಿಸಿದ ಹಾಗಾಯಿತು. (ಸಕ್ಕರೆ ನಾಡು ಮಂಡ್ಯದವರು ಬೇಜಾರಾಗಬೇಡಿ. ಬೆಳೆದವರದ್ದೇನೂ ತಪ್ಪಿಲ್ಲ, ಲೋಟಕ್ಕೆ ಮೂರು ಚಮಚ ಸುರಿಯುವವರದ್ದು.)

2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕಚೇರಿಗಳಲ್ಲಿ ಎಣ್ಣೆ, ಸಕ್ಕರೆಯ ಲೆಕ್ಕ ಹೇಳುವ ಫಲಕ ಹಾಕಿ ಎಂದಿತು. ರಾಯರ ಆಫೀಸಿನಲ್ಲೂ ಹಾಕಿದರು. ಟೇಪು ಕತ್ತರಿಸಿ, ಎಲ್ಲರಿಗೂ ಜಹಾಂಗೀರ್ ಹಂಚಿದರು. ರಾಯರು ತಮ್ಮ ಪಾಲಿನದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಚೆನ್ನಾಗಿ ಅದುಮಿದರು. ಪಾಕ ಬೆರಳಿಗೆಲ್ಲ ಅಂಟಿತು. ಸುಮ್ನೆ ಹಾಳು ಮಾಡುವುದೇಕೆ ಎಂದು ನೆಕ್ಕಿಕೊಂಡರು.