ಕೀ ಜೋರಾಗಿ ನುಡಿದರೆ ಪಿಯಾನೋ ಕೆಟ್ಟಿತು ಎಂದಲ್ಲ

ಹಳೆಯ ಡಿಜಿಟಲ್ ಪಿಯಾನೋದಲ್ಲಿ ಮೆಲ್ಲಗೆ ಒತ್ತಿದರೂ ಕೆಲವು ಕೀಗಳು ಜೋರಾಗಿ ನುಡಿದರೆ ಹೊಸದು ಕೊಳ್ಳುವುದೇ ದಾರಿ ಎಂದು ಒಂದು ಲೇಖನದಲ್ಲಿ ಓದಿದೆ. ದಯವಿಟ್ಟು ಅಷ್ಟು ಬೇಗ ಕೈಬಿಡಬೇಡಿ.

ಸಾಮಾನ್ಯವಾಗಿ ಪ್ರತಿ ಕೀ ಕೆಳಗಿನ ರಬ್ಬರ್ ಪಟ್ಟಿಯಲ್ಲಿ ಎರಡು ಕಾರ್ಬನ್ ಸಂಪರ್ಕಗಳಿರುತ್ತವೆ (ಕೆಲವು ಮಾದರಿಗಳಲ್ಲಿ ಮೂರು). ಒಂದು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ನಡುವಿನ ಸಮಯ ಕಡಿಮೆಯಾದಷ್ಟೂ ದನಿ ಜೋರು. ಮೊದಲಿನದಕ್ಕೆ ಧೂಳು ಕೂತು ಅದು ತಡವಾಗಿ ತಾಗಿದರೆ ಸಮಯ ಕುಗ್ಗಿ, ನೀವು ಗುದ್ದಿದಿರಿ ಎಂದೇ ಯಂತ್ರ ತಿಳಿಯುತ್ತದೆ.

ಪ್ಲಗ್ ಕಿತ್ತು, ಸ್ಕ್ರೂಗಳು ಎಲ್ಲೆಲ್ಲಿದ್ದವೆಂದು ಫೋಟೋ ತೆಗೆದುಕೊಂಡೇ ಬಿಚ್ಚಿ. ರಬ್ಬರ್ ಪಟ್ಟಿಯನ್ನು ನಿಧಾನವಾಗಿ ಎಬ್ಬಿಸಿ, ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ತಾಗಿಸಿ ಅದರಡಿಯ ಸರ್ಕ್ಯೂಟ್ ಬೋರ್ಡಿನಲ್ಲಿ ಸಂಪರ್ಕ ತಾಗುವ ಕಪ್ಪು ಕಾರ್ಬನ್ ಜಾಗವನ್ನು ಹಗುರವಾಗಿ ಒರೆಸಿ. ಉಜ್ಜಿದರೆ ಕಾರ್ಬನ್ನೇ ಎದ್ದುಬರುತ್ತದೆ, ಆಮೇಲೆ ಆ ಕೀ ಸತ್ತಂತೆಯೇ. ಪೂರ್ತಿ ಒಣಗಿದ ಮೇಲೆ ರಬ್ಬರಿನ ಪುಟ್ಟ ಬಾಲಗಳನ್ನು ಮೊಂಡು ಕಡ್ಡಿಯಿಂದ ಬೋರ್ಡಿನ ತೂತಿಗೆ ಒತ್ತಿ ಕೂರಿಸಿ. ಒಂದು ಬಾಲ ಮೇಲೆದ್ದಿದ್ದರೂ ಆ ಕೀ ಮತ್ತೆ ಏರುಪೇರು.

ಟಕಟಕ ಸದ್ದು ಬೇರೆ ವಿಷಯ. ಅದು ಹೆಚ್ಚಾಗಿ ಸವೆದ ಫೆಲ್ಟ್ (ಒತ್ತಿ ಮಾಡಿದ ಮೆತ್ತನೆಯ ಬಟ್ಟೆ) ಪಟ್ಟಿಯದು, ಬದಲಾಯಿಸಬಹುದು.