ಗೆದ್ದಾದ ಮೇಲೂ ಚಚ್ಚಬೇಕೇ?

ಮಗನ ಬೇಸ್‌ಬಾಲ್ ತಂಡ 14–2ರಿಂದ ಗೆದ್ದ ಸುದ್ದಿಯನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಆರು ಇನ್ನಿಂಗ್ಸ್ ಆಗಬೇಕಾದ ಆಟ ನಾಲ್ಕಕ್ಕೇ ಮುಗಿಯಿತು, ಅಂಪೈರೇ ನಿಲ್ಲಿಸಿದರು ಅಂತಲೂ ಬರೆದಿದ್ದೆ. ಊರಿಂದ ಮಾವನ ಉತ್ತರ ತಕ್ಷಣ ಬಂತು: "ಯಾಕೆ ನಿಲ್ಲಿಸಿದ್ರು? ಇನ್ನೂ ಚಚ್ಚಬೇಕಿತ್ತು." ಅದರ ಕೆಳಗೆ ಅಣ್ಣ, ಅತ್ತಿಗೆ, ಚಿಕ್ಕಪ್ಪ ಎಲ್ಲರ ನಗುವ ಮುಖಗಳು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಗೊತ್ತು. ಆದರೂ ಚುಚ್ಚಿತು. ಎದುರು ತಂಡದಲ್ಲಿದ್ದವರೂ ಹತ್ತು ವರ್ಷದ ಮಕ್ಕಳೇ ಅಲ್ವಾ?

ಇಲ್ಲಿ, ಟೆಕ್ಸಸ್‌ನಲ್ಲಿ, ಮಕ್ಕಳ ಆಟ ನೋಡುತ್ತಾ ನನಗೆ ತುಂಬಾ ಹಿಡಿಸಿದ ಸಂಗತಿ ಈ ಮರ್ಸಿ ರೂಲ್, ಅಂದರೆ ಕರುಣೆಯ ನಿಯಮ. ಲಿಟಲ್ ಲೀಗ್ ಬೇಸ್‌ಬಾಲ್‌ನಲ್ಲಿ ನಾಲ್ಕು ಇನ್ನಿಂಗ್ಸ್ ಮುಗಿದಾಗ ಒಂದು ತಂಡ ಹತ್ತು ರನ್ ಮುಂದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ಮೂರು ಇನ್ನಿಂಗ್ಸ್‌ಗೇ ಹದಿನೈದು ರನ್ ಮುಂದಿದ್ದರೂ ಅಷ್ಟೇ. ಗೆದ್ದವರು ಸಾಲಾಗಿ ನಿಲ್ಲುತ್ತಾರೆ, ಸೋತವರು ಸಾಲಾಗಿ ನಿಲ್ಲುತ್ತಾರೆ, ಕೈಗೆ ಕೈ ತಟ್ಟಿ ಮನೆಗೆ ಹೋಗುತ್ತಾರೆ.

ನಿಯಮಕ್ಕಿಂತ ಜಾಸ್ತಿ ಮನಸ್ಸಿಗೆ ಬಂದದ್ದು ಅದಕ್ಕೂ ಮೊದಲು ಕೋಚ್ ಮಾಡಿದ ಕೆಲಸ. ಎಂಟು ರನ್ ಮುಂದೆ ಹೋದ ಕೂಡಲೇ ಅವರು ಚೆನ್ನಾಗಿ ಆಡುವ ಹುಡುಗರನ್ನು ಬೆಂಚಿಗೆ ಕರೆದರು. ಯಾವಾಗಲೂ ಮೂಲೆಯಲ್ಲಿ ನಿಲ್ಲುವ ಹುಡುಗರಿಗೆ ಚೆಂಡೆಸೆಯಲು ಕೊಟ್ಟರು. ಹೊಡೆತವಿಲ್ಲದೆಯೇ ಮುಂದಿನ ನಿಲುಗಡೆಗೆ ಓಡಿ ಬೇಸ್ ಕದಿಯುವುದು ಬೇಡ, ಒಂದು ಹೊಡೆತಕ್ಕೆ ಒಂದೇ ಬೇಸ್ ಓಡಿ, ಅಂತ ಹುಡುಗರ ಕಿವಿಯಲ್ಲಿ ಹೇಳಿದರು. ಎದುರಿನ ಮಕ್ಕಳಿಗೆ ಇದು ಗೊತ್ತೇ ಆಗಲಿಲ್ಲ. ಅವರ ಅಪ್ಪ ಅಮ್ಮಂದಿರಿಗೆ ಗೊತ್ತಾಯಿತು. ಆಟ ಮುಗಿದ ಮೇಲೆ ಒಬ್ಬ ಅಪ್ಪ ಬಂದು ನಮ್ಮ ಕೋಚ್ ಕೈ ಕುಲುಕಿ ಹೋದರು.

ಹಾಗಂತ ಇಲ್ಲಿನ ಮಾತು ಮೃದುವೇನಲ್ಲ. ಬ್ಲೋಔಟ್, ಥ್ರ್ಯಾಶಿಂಗ್, ಕ್ರಷ್ ಮಾಡಿದರು, ಡಿಮಾಲಿಷ್ ಮಾಡಿದರು, ಎಲ್ಲಾ ಇವೆ. ಈ ಮರ್ಸಿ ರೂಲನ್ನೇ ಕೆಲವರು ಸ್ಲಾಟರ್ (ಕಗ್ಗೊಲೆ) ರೂಲ್ ಅನ್ನುತ್ತಾರೆ. ನಮ್ಮ ಪತ್ರಿಕೆಗಳ ಧೂಳೀಪಟ, ಚಿಂದಿ, ಮಣ್ಣು ಮುಕ್ಕಿಸಿದರು ಇವೆಲ್ಲ ಅವಕ್ಕೆ ಸರಿಸಮ. ಆದರೆ ಇವರ ಬಾಯಲ್ಲಿ ಇನ್ನೊಂದು ಮಾತಿದೆ, ರನ್ನಿಂಗ್ ಅಪ್ ದ ಸ್ಕೋರ್. ಗೆಲುವು ಖಚಿತವಾದ ಮೇಲೂ ಸುಮ್ನೆ ಅಂಕ ಏರಿಸುತ್ತಾ ಹೋಗುವವರಿಗೆ ಅನ್ನುವ ಮಾತದು. ಅದು ಬೈಗುಳ. ಮಕ್ಕಳ ಕೋಚ್‌ಗೆ ಆ ಹೆಸರು ಬಂತೆಂದರೆ ಊರಲ್ಲಿ ತಲೆ ಎತ್ತುವುದು ಕಷ್ಟ.

ನಮ್ಮ ಡಲ್ಲಾಸ್‌ನಲ್ಲೇ ಅಂಥದ್ದೊಂದು ನಡೆದಿದೆ. 2009ರ ಜನವರಿ. ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಕವೆನಂಟ್ ಸ್ಕೂಲ್ ತಂಡ ಡಲ್ಲಾಸ್ ಅಕಾಡೆಮಿಯನ್ನು 100–0ಯಿಂದ ಸೋಲಿಸಿತು. ಡಲ್ಲಾಸ್ ಅಕಾಡೆಮಿ ಅಂದರೆ ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳ ಶಾಲೆ. ಅರ್ಧ ಆಟಕ್ಕೇ 59–0 ಆಗಿತ್ತು. ಆಮೇಲೂ ನಿಲ್ಲಿಸಲಿಲ್ಲ. ಗೆದ್ದ ಶಾಲೆಯೇ ಇದು ನಾಚಿಕೆಗೇಡು ಅಂತ ಎಲ್ಲರೆದುರು ಕ್ಷಮೆ ಕೇಳಿತು. ಗೆಲುವೇ ನಮಗೆ ಬೇಡ ಎಂದಿತು. ಕ್ಷಮೆ ಕೇಳಲು ಒಪ್ಪದ ಕೋಚ್ ಕೆಲಸ ಕಳೆದುಕೊಂಡರು. ಇಲ್ಲಿ ಮೊದಲಿನಿಂದ ಇರುವವರು ಇವತ್ತಿಗೂ ಆ ಕಥೆ ಹೇಳುತ್ತಾರೆ.

ಈಗ ನಮ್ಮ ಕಡೆಗೆ ಬನ್ನಿ. 2016ರ ಜನವರಿ, ಮುಂಬೈ ಪಕ್ಕದ ಕಲ್ಯಾಣ್. ಅಂತರ ಶಾಲಾ ಕ್ರಿಕೆಟ್‌ನಲ್ಲಿ ಪ್ರಣವ್ ಧನಾವಡೆ ಎಂಬ ಹುಡುಗ ಔಟಾಗದೆ 1009 ರನ್ ಹೊಡೆದ. ಆಟೋ ಓಡಿಸುವವರ ಮಗ. ದೇಶವೇ ಕುಣಿಯಿತು. ನಾನೂ ಇಲ್ಲಿಂದಲೇ ಖುಷಿಪಟ್ಟೆ, ಆ ಹುಡುಗನ ಬಗ್ಗೆ ಈಗಲೂ ಅಭಿಮಾನವಿದೆ. ಆದರೆ ಎದುರು ತಂಡ? ಮೊದಲ ಇನ್ನಿಂಗ್ಸ್‌ನಲ್ಲಿ 31ಕ್ಕೆ ಆಲೌಟ್ ಆಗಿದ್ದ ಮಕ್ಕಳು. ಅವನ ಶಾಲೆ 3 ವಿಕೆಟ್‌ಗೆ 1465 ಆಗುವವರೆಗೂ ಆಡಿ ಡಿಕ್ಲೇರ್ ಮಾಡಿತು. ಎರಡನೇ ಸಲ ಆ ಮಕ್ಕಳು ಮಾಡಿದ್ದು 52. ಇನ್ನಿಂಗ್ಸ್ ಮತ್ತು 1382 ರನ್‌ಗಳ ಸೋಲು. ಬಿಸಿಲಲ್ಲಿ ಆ ಚೆಂಡನ್ನು ಹೆಕ್ಕಿ ತಂದ ಮಕ್ಕಳ ಹೆಸರು ಯಾರಿಗಾದರೂ ನೆನಪಿದೆಯಾ? ಎರಡನೇ ದಿನ ಬೆಳಿಗ್ಗೆ ಅವರು ಯಾವ ಮನಸ್ಸಿನಿಂದ ಮೈದಾನಕ್ಕೆ ಬಂದಿರಬಹುದು? ನಿಲ್ಲಿಸಬೇಕಿದ್ದವನು ಆ ಹುಡುಗನಲ್ಲ. ಪಕ್ಕದಲ್ಲಿದ್ದ ದೊಡ್ಡವರು.

ಮಂಡ್ಯದ ಕಡೆ ನಾನು ಓದಿದ ಹೈಸ್ಕೂಲಿನ ದಿನಗಳಲ್ಲೂ ಇದೇ ಕಂಡದ್ದು. ತಾಲ್ಲೂಕು ಮಟ್ಟದ ಕಬಡ್ಡಿ. ನಮ್ಮದು ದೊಡ್ಡ ಶಾಲೆ, ಕಬ್ಬಿನ ಗದ್ದೆಯಲ್ಲಿ ದುಡಿದು ಗಟ್ಟಿಯಾದ ಹುಡುಗರು. ಎದುರಿಗಿದ್ದದ್ದು ಏಳು ಜನರನ್ನು ಹೊಂದಿಸುವುದೇ ಕಷ್ಟವಾದ ಒಂದು ಹಳ್ಳಿ ಶಾಲೆ. ಲೋನಾ ಮೇಲೆ ಲೋನಾ. ಅಂಗಳ ಖಾಲಿ ಆಗುವುದು, ಅವರು ಮತ್ತೆ ಬಂದು ನಿಲ್ಲುವುದು, ಮತ್ತೆ ಖಾಲಿ. ಗೆರೆಯ ಆಚೆಯಿಂದ ಪಿಟಿ ಮೇಷ್ಟ್ರು ಕೂಗುತ್ತಲೇ ಇದ್ದರು, "ಬಿಡ್ಬೇಡ್ರೋ, ಇನ್ನೂ ಹಾಕ್ರೋ!" ಆಟ ಮುಗಿದ ಮೇಲೆ ತಮಟೆ, ಶಿಳ್ಳೆ. ಅದೂ ಸೋತವರು ಕೂತಿದ್ದ ಹೊಂಗೆ ಮರದ ಮುಂದೆಯೇ. ಮರುದಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಗೆಲುವಿನ ಅಂತರವನ್ನು ಎರಡು ಸಲ ಓದಿದರು. ಆ ಹಳ್ಳಿ ಶಾಲೆ ಮುಂದಿನ ವರ್ಷ ಕಬಡ್ಡಿಗೆ ತಂಡವನ್ನೇ ಕಳಿಸಲಿಲ್ಲ.

ದೊಡ್ಡವರ ಆಟದ ಮಾತು ಬೇರೆ, ಅದನ್ನು ಒಪ್ಪುತ್ತೇನೆ. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಸಿರಾಜ್ ಆರು ವಿಕೆಟ್ ಕಿತ್ತು, ಶ್ರೀಲಂಕಾ 50ಕ್ಕೆ ಬಿದ್ದು, ನಮ್ಮವರು 6.1 ಓವರ್‌ನಲ್ಲಿ ಮುಗಿಸಿದಾಗ ಮನೆಯಲ್ಲಿ ಕೂಗಾಡಿದವರಲ್ಲಿ ನಾನೂ ಒಬ್ಬ. ದುಡ್ಡು ತೆಗೆದುಕೊಂಡು ದೇಶಕ್ಕೆ ಆಡುವವರ ಮೇಲೆ ಕರುಣೆ ತೋರಿದರೆ ಅದು ಅವಮಾನ. ನನ್ನ ತಕರಾರು ಮಕ್ಕಳ ಆಟದ ಬಗ್ಗೆ ಮಾತ್ರ.

ಅಮೆರಿಕದವರು ಹುಟ್ಟಾ ಕರುಣಾಳುಗಳು ಅಂತಲೂ ಹೇಳಲಾರೆ. 1916ರಲ್ಲಿ ಜಾರ್ಜಿಯಾ ಟೆಕ್ ತಂಡ ಕಂಬರ್‌ಲ್ಯಾಂಡ್ ಕಾಲೇಜನ್ನು ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೋಲಿಸಿದ್ದು 222–0ಯಿಂದ. 2006ರಲ್ಲಿ ಕನೆಕ್ಟಿಕಟ್‌ನ ಶಾಲಾ ಕ್ರೀಡಾ ಮಂಡಳಿ, ಫುಟ್‌ಬಾಲ್‌ನಲ್ಲಿ 50 ಅಂಕಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರೆ ಕೋಚ್‌ಗೆ ಒಂದು ಪಂದ್ಯದ ನಿಷೇಧ ಅಂತ ನಿಯಮ ಮಾಡಬೇಕಾಯಿತು. ಮಿತಿ ಮೀರುವವರು ಇದ್ದದ್ದಕ್ಕೇ ತಾನೇ ನಿಯಮ ಬಂದದ್ದು?

ಇನ್ನು ನಮ್ಮೂರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಶಾಲೆಯ ಮೈದಾನದಲ್ಲಿ ಇಲ್ಲದ ಕರುಣೆ ನಮ್ಮ ಬೀದಿಯಲ್ಲಿ ಇತ್ತು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಎಲ್ಲರ ಮನೆಯ ಚಿಕ್ಕ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದೆವು. ಔಟಾದರೂ ಇನ್ನೊಂದು ಬಾಲ್, ಮುಟ್ಟಿದರೂ ಮುಟ್ಟಿಲ್ಲ. ಯಾರೂ ಬರೆದ ನಿಯಮವಲ್ಲ ಅದು. ಆ ಬುದ್ಧಿ ಬೀದಿ ದಾಟಿ ತಾಲ್ಲೂಕು ಕ್ರೀಡಾಕೂಟಕ್ಕೆ ಯಾಕೆ ಹೋಗಲಿಲ್ಲವೋ!

ಮರ್ಸಿ ರೂಲ್‌ಗೂ ಒಂದು ಕೊರತೆ ಇದೆ. ಆವತ್ತು ಆಟ ನಿಂತಾಗ ಎದುರು ತಂಡದ ಒಬ್ಬ ಹುಡುಗ ಹೆಲ್ಮೆಟ್ ಹಾಕಿಕೊಂಡು ತನ್ನ ಸರದಿಗೆ ಕಾಯುತ್ತಾ ನಿಂತಿದ್ದ. ಬ್ಯಾಟ್ ಹಿಡಿಯುವ ಅವಕಾಶ ಸಿಗದೆ ಅಳುತ್ತಾ ಹೋದ. ಊರಲ್ಲಾಗಿದ್ದರೆ ಎಷ್ಟೇ ಸೋಲಾಗಲಿ, ಅವನ ಸರದಿ ಅವನಿಗೆ ಸಿಗುತ್ತಿತ್ತು. ಆ ವಿಷಯದಲ್ಲಿ ನಮ್ಮ ರೀತಿಯೇ ಸರಿ. ಇಲ್ಲಿ ಕೆಲವು ಕಡೆ ಸ್ಕೋರ್‌ಬೋರ್ಡ್ ಆರಿಸಿ ಆಟವನ್ನು ಮಾತ್ರ ಮುಂದುವರಿಸುತ್ತಾರೆ. ಲೆಕ್ಕ ನಿಲ್ಲುತ್ತದೆ, ಆಟ ನಿಲ್ಲುವುದಿಲ್ಲ. ನಮ್ಮ ಪಿಟಿ ಮೇಷ್ಟ್ರುಗಳು ಇಷ್ಟನ್ನು ನಾಳೆಯಿಂದಲೇ ಮಾಡಬಹುದು. ಅದಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಿಲ್ಲ.