ಕನ್ನಡಕದ ನಂಬರ್ ಬದಲಾಯಿತು, ಸರಿ. ಯಾಕೆ ಬದಲಾಯಿತು?

ನಿನ್ನೆ ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಪಿಯುಸಿ ಹುಡುಗ ಪಾಯಸ ಬರುವಷ್ಟರಲ್ಲಿ ಮತ್ತೆ ಮತ್ತೆ ಕನ್ನಡಕ ತೆಗೆದು, ಬೆರಳ ಗೆಣ್ಣಿನಿಂದ ಕಣ್ಣು ಉಜ್ಜಿಕೊಂಡ. ಅವನ ತಾಯಿ, ದೂರದ ಸಂಬಂಧದಲ್ಲಿ ನನಗೆ ಅತ್ತಿಗೆ, “ಆರು ತಿಂಗಳಿಗೊಮ್ಮೆ ನಂಬರ್ ಬದಲಾಗುತ್ತದೆ ನೋಡಿ. ಎಲ್ಲ ಮೊಬೈಲ್ ಮಹಿಮೆ” ಎಂದರು. ಎದುರು ಸಾಲಿನವರು ತಲೆಯಾಡಿಸಿದರು. “ಹದಿನೆಂಟು ತುಂಬಲಿ, ಲೇಸರ್ ಮಾಡಿಸಿಬಿಡಿ” ಎಂದು ಒಬ್ಬ ಹಿರಿಯರು ಬಡಿಸಿಯೂಬಿಟ್ಟರು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಅತ್ತಿಗೆಯ ಫೋನಿನಲ್ಲಿ ಹಳೆಯ ಚೀಟಿಗಳ ಫೋಟೊಗಳಿದ್ದವು. ಸಿಲಿಂಡರ್ ಪವರ್ (ಕಣ್ಣಿನ ಅಂಕುಡೊಂಕನ್ನು ಸರಿದೂಗಿಸುವ ನಂಬರ್) ಏರುತ್ತಲೇ ಹೋಗಿದೆ, ಅದರ ಕೋನ ಹೇಳುವ ಆ್ಯಕ್ಸಿಸ್ ತಿರುಗಿದೆ. ಕೊನೆಯ ಚೀಟಿಯಲ್ಲಿ ಹೊಸ ಗಾಜು ಹಾಕಿದರೂ ಬಲಗಣ್ಣು 6/12ನ್ನು ದಾಟಿಲ್ಲ; ಅಂದರೆ ಸಾಮಾನ್ಯ ಕಣ್ಣು ಹನ್ನೆರಡು ಮೀಟರಿನಿಂದ ಓದುವುದನ್ನು ಆ ಕಣ್ಣು ಆರು ಮೀಟರಿನಿಂದ ಓದಬೇಕು. ಇಷ್ಟಾದರೂ ಕಾರ್ನಿಯಾದ ಟೋಪೋಗ್ರಫಿ (ಕಣ್ಣಿನ ಮುಂಭಾಗದ ಉಬ್ಬುತಗ್ಗುಗಳ ನಕ್ಷೆ ತೆಗೆಯುವ ಸ್ಕ್ಯಾನ್) ಮಾಡಿಸಿ ಎಂದು ಒಬ್ಬರೂ ಬರೆದಿಲ್ಲ. ಪ್ರತಿ ಸಲವೂ ಹೊಸ ಕನ್ನಡಕ ಮಾತ್ರ. ಫ್ರೇಮಿಗೆ ರಿಯಾಯಿತಿ ಬೇರೆ!

ಇವೆಲ್ಲ ನನಗಿರುವ ಕೆರಟೊಕೋನಸ್ ಎಂಬ ಕಣ್ಣಿನ ಕಾಯಿಲೆಯ ಸುಳಿವುಗಳು. ನನ್ನ ಆ ಪುರಾಣ ಕೇಳಿ ಬೇಸತ್ತವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ, ಅಷ್ಟೇ. ಈ ಕಾಯಿಲೆಯಲ್ಲಿ ಅದು ತೆಳುವಾಗುತ್ತ, ನೀರು ಕುಡಿದ ಮಣ್ಣಿನ ಗೋಡೆಯ ಹಾಗೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ಎಳೆಯ ವಯಸ್ಸಿನಲ್ಲೇ ಅದರ ಓಟ ಜೋರು. ವಂಶ, ಅಲರ್ಜಿ, ಕಣ್ಣು ಉಜ್ಜುವ ಚಾಳಿ ಇವಕ್ಕೆಲ್ಲ ಇದರೊಂದಿಗೆ ನಂಟಿದೆ. ಇನ್ನು ಆ ಹಿರಿಯರ ಲೇಸರ್! ಲೇಸಿಕ್ ಎಂದರೆ ಇರುವ ಕಾರ್ನಿಯಾವನ್ನೇ ಕೆತ್ತುವುದು. ಈ ಕಾಯಿಲೆ ಇರುವವರಿಗೆ ಅದನ್ನು ಮಾಡುವಂತೆಯೇ ಇಲ್ಲ.

ಓಟವನ್ನು ತಡೆಯುವ ಚಿಕಿತ್ಸೆ ಇದೆ ಎಂಬುದೇ ನನ್ನ ಸಿಟ್ಟಿನ ಮೂಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಕ್ರಾಸ್‌ಲಿಂಕಿಂಗ್ ಅದು. ರೋಗಿಗಳ ಮೇಲಿನ ಮೊದಲ ಫಲಿತಾಂಶ 2003ರಲ್ಲೇ ಪ್ರಕಟವಾಗಿದೆ. ಕಾರ್ನಿಯಾದ ಮೇಲ್ಪದರ ತೆಗೆದು, ರೈಬೋಫ್ಲೇವಿನ್ (ಬಿ2 ಜೀವಸತ್ವ) ಹನಿಗಳಲ್ಲಿ ನೆನೆಸಿ, ಮೂಲ ವಿಧಾನದಲ್ಲಾದರೆ 30 ನಿಮಿಷ ಅತಿನೇರಳೆ ಕಿರಣ ಬಿಡುತ್ತಾರೆ. ಕಾರ್ನಿಯಾಕ್ಕೆ ಬಲ ಕೊಡುವ ಕೊಲಾಜನ್ ಎಳೆಗಳು ಬಿಗಿಯಾಗುತ್ತವೆ. ಬಹುಪಾಲು ಜನರಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಹೋದ ದೃಷ್ಟಿಯನ್ನು ಮರಳಿ ತರುವ ಚಿಕಿತ್ಸೆಯಲ್ಲ ಇದು. ಜೊತೆಗೆ, ಆ ಮೂಲ ವಿಧಾನಕ್ಕೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ (0.4 ಮಿಲಿಮೀಟರ್) ದಪ್ಪ ಇರಬೇಕು.

ನಿಜ ಹೇಳಲೇ? ಆ ಹುಡುಗನನ್ನು ಕಂಡು ಕಾಳಜಿಗಿಂತ ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಅವನಿಗೆ ಇದೇ ಕಾಯಿಲೆ ಇದ್ದರೂ ಇನ್ನೂ ಸಮಯವಿದೆ. ನನಗೆ ರೋಗದ ಹೆಸರು ತಿಳಿಯುವ ಹೊತ್ತಿಗೆ ಎಡಗಣ್ಣು ಆ ದಪ್ಪವನ್ನು ಕಳೆದುಕೊಂಡಾಗಿತ್ತು. ಸ್ಕ್ಲೀರಲ್ ಲೆನ್ಸ್ (ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್) ತೆಗೆದಿಟ್ಟ ಮೇಲೆ ನನ್ನ ಹುಣ್ಣಿಮೆಗೆ ಇವತ್ತಿಗೂ ನಾಲ್ಕೈದು ಚಂದ್ರರು.

“ಸಣ್ಣ ಊರುಗಳಲ್ಲಿ ಟೋಪೋಗ್ರಫಿ ಯಂತ್ರ ಎಲ್ಲಿದೆ, ಸಿಲಿಂಡರ್ ಇದ್ದವರೆಲ್ಲರಿಗೂ ಈ ಕಾಯಿಲೆಯೇ?” ಎಂದು ನೇತ್ರ ಪರೀಕ್ಷಕ ಗೆಳೆಯರೊಬ್ಬರು ಬೆಳಿಗ್ಗೆ ವಾದಿಸಿದರು. ಯಂತ್ರ ಇಲ್ಲ, ಒಪ್ಪಿದೆ. ಸಿಲಿಂಡರ್ ಇರುವ ಬಹುಪಾಲು ಜನರಿಗೆ ಈ ಕಾಯಿಲೆ ಇಲ್ಲ, ಅದೂ ಒಪ್ಪಿದೆ. ಆದರೆ ಅನುಮಾನ ಪಡಲು ಯಂತ್ರ ಬೇಕೇ? ಕಣ್ಣಿಗೆ ಬೆಳಕು ಬಿಟ್ಟು ನಂಬರ್ ಅಳೆಯುವ ಕೈಸಾಧನ ರೆಟಿನೋಸ್ಕೋಪ್ ಹಿಡಿದಾಗ ಬೆಳಕು ಕತ್ತರಿಯ ಅಲಗುಗಳಂತೆ ತೆರೆದು ಮುಚ್ಚಿದರೆ ಸುಳಿವು ಸಿಕ್ಕಿತು. ಯಂತ್ರ ಇರುವ ಕಡೆಗೆ ಒಂದು ಸಾಲಿನ ಚೀಟಿ ಬರೆದುಕೊಡಲು ಎಷ್ಟು ಶಾಯಿ ಬೇಕು? ಸ್ಕ್ಯಾನ್‌ನಲ್ಲಿ ಏನೂ ಇಲ್ಲವೆಂದಾದರೆ ಹುಡುಗ ನಿಶ್ಚಿಂತೆಯಿಂದ ಮನೆಗೆ ಬರುತ್ತಾನೆ, ಆಮೇಲೆ ಮೊಬೈಲನ್ನು ಬೇಕಾದಷ್ಟು ಬೈಯಿರಿ.

ಮಕ್ಕಳ ಹಳೆಯ ಚೀಟಿಗಳನ್ನು ಎಸೆಯಬೇಡಿ. ತುರಿಕೆಗೆ ಔಷಧದಂಗಡಿಯವರು ತಾವಾಗಿ ಕೊಡುವ ಸ್ಟೀರಾಯ್ಡ್ ಹನಿ ಹಾಕಬೇಡಿ, ಅದರಿಂದ ಕಣ್ಣಿನ ಒತ್ತಡ ಏರಿ ಇನ್ನೊಂದು ರೋಗ ಬಂದೀತು. ಒಬ್ಬರಿಗೆ ಕೆರಟೊಕೋನಸ್ ಎಂದಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸಿ.

ಕೆಳಗೆ ತ್ರಿಫಲಾ, ಕಣ್ಣಿನ ವ್ಯಾಯಾಮ ಎಂದು ಬರೆಯಲು ಹೊರಟವರು ದಯವಿಟ್ಟು ಮೊದಲು ನಿಮ್ಮ ಮನೆಯ ಮಕ್ಕಳ ಚೀಟಿಗಳಲ್ಲಿ ಸಿಲಿಂಡರ್ ಎಷ್ಟಿದೆ ಎಂದು ನೋಡಿ ಬನ್ನಿ. ಆಮೇಲೆ ಜಗಳವಾಡೋಣ.